ಬಟ್ಟಿ ತಿಕ್ಕಿದ ಕೈ

"ತಿಕ್ಕಿದ್ದು ನೀನು. ನಿಮ್ಮಣ್ಣ ಅಲ್ಲ. ಗೊತ್ತಾಯ್ತಾ?" ಎಂದು ವಕೀಲ ವೆಂಕಟಸ್ವಾಮಿ ಮತ್ತೊಮ್ಮೆ ಹೇಳಿದರು.

ಜಟ್ಟೆಮ್ಮ ತಲೆಯೆತ್ತಲಿಲ್ಲ. ಶಿವಾಜಿನಗರದ ಆ ಕೋಣೆಯ ಕೆಳಗೆ ಹಳೆಯ ಕಾರುಗಳ ಬಿಡಿಭಾಗ ಮಾರುವ ಅಂಗಡಿಯಿತ್ತು. ಯಾರೋ ಕಬ್ಬಿಣ ಬಡಿಯುತ್ತಿದ್ದರು. ಒಂದೊಂದು ಏಟಿಗೂ ಮೇಜಿನ ಮೇಲಿದ್ದ ಚಹಾದ ಲೋಟ ಸಣ್ಣಗೆ ನಡುಗುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಅಣ್ಣ ಶರಣಬಸವ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಿದ್ದ. ಠಾಣೆಗೆ ಕರೆಸಿಕೊಂಡ ದಿನದಿಂದ ಅವನು ಎಲ್ಲಿ ಕುಳಿತರೂ ಹಾಗೆಯೇ ಕೂರುತ್ತಿದ್ದ.

"ಅವತ್ತ ನಾ ಮನ್ಯಾಗ ಇರಲಿಲ್ರಿ ಸರ್," ಎಂದಳು ಜಟ್ಟೆಮ್ಮ.

"ಇಂದಿರಾನಗರದ ಹೋಟ್ಲಲ್ಲಿ ತರಕಾರಿ ಹೆಚ್ಚೋದಲ್ವಾ ನೀನು? ಮಧ್ಯಾಹ್ನದ ಶಿಫ್ಟ್ ತಾನೆ?"

"ಹೌದ್ರಿ. ಆದ್ರ ಅವತ್ತ ಒಬ್ಬಾಕಿ ಬಂದಿರಲಿಲ್ಲ ಅಂತ ಮುಂಜಾನೇನ ಕರ್ಸಿದ್ರು."

"ಅದನ್ನ ಯಾರಮ್ಮ ಕೇಳ್ತಾರೆ? ಮಧ್ಯಾಹ್ನದ ಶಿಫ್ಟು, ಬೆಳಿಗ್ಗೆ ಮನೇಲಿದ್ದೆ. ಮಗೂಗೆ ಹೊಟ್ಟೆನೋವು ಬಂತು. ನಿಮ್ಮ ಕಡೆ ಪದ್ಧತಿ, ಎಣ್ಣೆ ಹಚ್ಚಿ ತಿಕ್ಕಿದೆ. ಇವನು ಹಾಲು ತರೋಕೆ ಹೋಗಿದ್ದ. ಮುಗೀತು."

"ಇದ್ದದ್ದು ಇದ್ದಂಗ ಹೇಳಿದ್ರ ಆಗಂಗಿಲ್ಲೇನ್ರಿ?" ಎಂದು ಶರಣಬಸವ ಕೇಳಿದ.

ವಕೀಲರು ಅವನನ್ನು ನೋಡಿ ನಕ್ಕರು. "ಹೇಳು. ಹೊಟ್ಟೆ ಮುಟ್ಟಿದೆ ಅಂತ ಒಪ್ಕೋ. ಯಾರಿಗೂ ಹೇಳ್ಬೇಡ ಅಂದೆ ಅಂತಾನೂ ಒಪ್ಕೋ. ಆ ಎರಡನೇ ಮಾತಿದೆಯಲ್ಲ ಗುರು, ಅದೊಂದು ಸಾಕು ನಿನ್ನ ಒಳಗೆ ಹಾಕೋಕೆ. ಹೆಂಗಸು ತಿಕ್ಕಿದ್ರೆ ಮದ್ದು, ಗಂಡಸು ತಿಕ್ಕಿದ್ರೆ ಪೋಕ್ಸೊ. ಅದೂ ಡೈವೋರ್ಸ್ ಕೇಸ್ ನಡೀತಿರೋ ಗಂಡಸು. ನಾನೇನು ಮಾಡ್ಲಿ?"

ಕೆಳಗೆ ಬಡಿಯುವುದು ನಿಂತಿತು. ಇಬ್ಬರೂ ತನ್ನ ಕಡೆಗೇ ನೋಡುತ್ತಿದ್ದಾರೆಂದು ಜಟ್ಟೆಮ್ಮನಿಗೆ ತಿಳಿಯಿತು. ಅವಳು ಹೂಂ ಎಂದಳು.

ಹೊರಮಾವಿನಲ್ಲಿ ಎತ್ತರದ ಅಪಾರ್ಟ್‌ಮೆಂಟಿನ ಹಿಂಗೋಡೆಗೆ ಆತುಕೊಂಡಂತೆ ತಗಡಿನ ಮಾಡಿನ ಕೋಣೆಗಳ ಸಾಲೊಂದಿದೆ. ಅಣ್ಣ ತಂಗಿ ಅದರಲ್ಲೊಂದು ಕೋಣೆಯಲ್ಲಿದ್ದರು. ಶರಣಬಸವ ಟೈಲ್ಸ್ ಹಾಕುವವನು. ಯಾದಗಿರಿಯ ಆಚೆಯ ಊರಿನಿಂದ ಬರುವಾಗ ಕರಣೆಯ ಜೊತೆಗೆ ಅವನು ತಂದ ಇನ್ನೊಂದು ವಿದ್ಯೆಯೆಂದರೆ ಬಟ್ಟಿ ತಿಕ್ಕುವುದು. ಮಕ್ಕಳು ಎತ್ತರದಿಂದ ಜಿಗಿದರೆ, ಆಗದ ಭಾರ ಎತ್ತಿದರೆ, ಹೊಕ್ಕಳಿನ ನರ ಜಾಗ ಬಿಟ್ಟು ಸರಿಯುತ್ತದೆ. ಉಂಡದ್ದು ದಕ್ಕುವುದಿಲ್ಲ, ಹೊಟ್ಟೆ ಹಿಂಡುತ್ತದೆ. ಆ ಕಡೆಯವರು ಅದನ್ನು ಬಟ್ಟಿ ಸರಿಯುವುದು ಅನ್ನುತ್ತಾರೆ. ಬೆಳಗಿನ ಬರಿಹೊಟ್ಟೆಯಲ್ಲಿ ಮಗುವನ್ನು ಅಂಗಾತ ಮಲಗಿಸಿ, ಕಾಲಿನ ಹೆಬ್ಬೆರಳುಗಳು ಸಮ ಇವೆಯೇ ಎಂದು ಜೋಡಿಸಿ ನೋಡಿ, ಹೊಕ್ಕಳ ಸುತ್ತ ಹೆಬ್ಬೆಟ್ಟಿನಿಂದ ಮಿಡಿತ ಹುಡುಕಿ, ಹರಳೆಣ್ಣೆ ಹಚ್ಚಿ ಅದನ್ನು ನಡುವಿಗೆ ತರಬೇಕು. ಆಮೇಲೆ ಕಾಲಿನ ಹೆಬ್ಬೆರಳಿಗೆ ಕರಿದಾರ ಕಟ್ಟಬೇಕು. ದಾರ ಬಿಚ್ಚಿ ಬೀಳುವತನಕ ತಿಕ್ಕಿಸಿಕೊಂಡ ಸಂಗತಿಯನ್ನು ಯಾರ ಮುಂದೆಯೂ ಹೇಳಬಾರದು. ಹೇಳಿದರೆ ಬಟ್ಟಿ ಮತ್ತೆ ಸರಿಯುತ್ತದೆ.

ಎಲ್ಲರ ಕೈಗೂ ಅದು ಒಲಿಯುವುದಿಲ್ಲ, ಕಾಲು ಮುಂದಾಗಿ ಹುಟ್ಟಿದವರಿಗೆ ಮಾತ್ರ ಎಂದು ಅವರ ತಾಯಿ ಹೇಳುತ್ತಿದ್ದಳು. ತಾಯಿಯಂತೆಯೇ ಶರಣಬಸವನೂ ಹಾಗೆ ಹುಟ್ಟಿದವನು. ಸಾಲಿನಲ್ಲಿ ಅವನ ಕೈಗೆ ಹೊಟ್ಟೆ ಒಡ್ಡದ ಮಕ್ಕಳೇ ಇರಲಿಲ್ಲ. ಕೋಣೆಗಳ ಒಡತಿ ಮಂಜುಳಮ್ಮ ಬಾಡಿಗೆ ಕೇಳಲು ಬಂದಾಗಲೂ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದು, "ಶರಣಪ್ಪಾ, ಹಂಗೇ ಇವಳ್ದೂ ಒಂಚೂರು ನೋಡ್ಬಿಡೋ," ಅನ್ನುತ್ತಿದ್ದರು.

ಅವನ ಕೈ ಬೇರೆ ಕಡೆಗೂ ಏಳುತ್ತಿತ್ತು. ಹೆಂಡತಿ ಕಾವೇರಿಗೆ ಅವನು ಹೊಡೆದದ್ದನ್ನು ಜಟ್ಟೆಮ್ಮ ಕಂಡಿದ್ದಳು; ಸಾಲೆಲ್ಲ ಕಂಡಿತ್ತು. ಗಂಡ ಹೆಂಡಿರ ಜಗಳ ಎಂದು ಬಾಗಿಲು ಮುಚ್ಚಿಕೊಂಡಿತ್ತು. ಕೊನೆಗೊಂದು ದಿನ ಕಾವೇರಿ ಮಗಳು ಸೌಂದರ್ಯಾಳನ್ನು ಕರೆದುಕೊಂಡು ಬಾಣಸವಾಡಿಯ ತನ್ನ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ವಿಚ್ಛೇದನದ ಅರ್ಜಿ ಬಂತು, ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಬಂತು. ತೀರ್ಮಾನವಾಗುವತನಕ ಭಾನುವಾರ ತಂದೆಯ ಬಳಿ ಇರಲಿ ಎಂದು ನ್ಯಾಯಾಲಯ ಹೇಳಿತು. ಭಾನುವಾರ ಬಂತೆಂದರೆ ಶರಣಬಸವ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಬೆಳಗ್ಗೆಯೇ ಬಾಣಸವಾಡಿಯ ಬಸ್ ಸ್ಟಾಪಿಗೆ ಹೋಗಿ ಮಗಳಿಗಾಗಿ ನಿಲ್ಲುತ್ತಿದ್ದ.

ಅಂಥದೊಂದು ಭಾನುವಾರ ಸೌಂದರ್ಯಾ ಬಂದವಳೇ ಹೊಟ್ಟೆ ಹಿಡಿದುಕೊಂಡಳು. ಶಾಲೆಯ ಜಾರುಬಂಡೆಯಿಂದ ಹಾರಿದ್ದೆ ಅಂದಳು. ಶರಣಬಸವ ಚಾಪೆ ಹಾಸಿದ. ಎಣ್ಣೆ ಇರಲಿಲ್ಲ, ಮಂಜುಳಮ್ಮ ತಂದುಕೊಟ್ಟು, ಅವನು ತಿಕ್ಕಿ ಮುಗಿಸುವತನಕ ತೆರೆದ ಬಾಗಿಲಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತ ನಿಂತಿದ್ದರು. ಅವನು ಮಗಳ ಬೆರಳಿಗೆ ದಾರ ಕಟ್ಟಿದ, ಯಾರಿಗೂ ಹೇಳಬ್ಯಾಡ ಅಂದ. ಮಗು ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಸಾರು ಉಂಡಿತು. ಇಷ್ಟನ್ನೂ ಜಟ್ಟೆಮ್ಮನಿಗೆ ಸಂಜೆ ಹೇಳಿದವರು ಮಂಜುಳಮ್ಮನೇ.

ಆ ವಾರ ಸೌಂದರ್ಯಾಳ ಶಾಲೆಯಲ್ಲಿ ಚಿತ್ರ ತೋರಿಸಿ ಪಾಠ ಮಾಡಿದ್ದರು: ಯಾರು ಎಲ್ಲಿ ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು. ಶೂ ಬಿಚ್ಚಿದಾಗ ಟೀಚರು ಕರಿದಾರ ನೋಡಿ ಇದೇನು ಎಂದು ಕೇಳಿದರು. ಮಗು ಹೇಳಲಿಲ್ಲ. ಯಾಕೆ ಹೇಳಲ್ಲ ಎಂದರು. ಹೇಳಬಾರದು ಅಂದಿತು. ಯಾರು ಹಾಗಂದದ್ದು?

"ಅಪ್ಪ."

ಟೀಚರು ಎದ್ದು ಬಾಗಿಲು ಹಾಕಿಕೊಂಡು, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು. ಅಂಗಿ ಎತ್ತಿದ್ದು, ಎಣ್ಣೆ ಹಚ್ಚಿದ್ದು, ಎಲ್ಲ ಬಂತು. ಶಾಲೆಯವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕಿತ್ತು, ತಿಳಿಸಿದರು. ಆ ಟೀಚರನ್ನು ಬಯ್ಯಬೇಕೆಂದರೂ ಜಟ್ಟೆಮ್ಮನಿಗೆ ಬಯ್ಯಲಾಗಲಿಲ್ಲ. ಬೇರೆ ಯಾವುದೋ ಮಗುವಾಗಿದ್ದರೆ, ಬೇರೆ ಯಾವನೋ ಅಪ್ಪನಾಗಿದ್ದರೆ, ಹಾಗೆ ಕೂರಿಸಿಕೊಂಡು ಕೇಳುವವರೊಬ್ಬರು ಇರಲೇಬೇಕಿತ್ತು.

ವಕೀಲರ ಬಳಿಯಿಂದ ಬಂದ ಸಂಜೆ ಅವಳು ಸುಳ್ಳು ಹೇಳದೆ ಉಳಿಯುವ ದಾರಿ ಹುಡುಕಿಕೊಂಡು ಮಂಜುಳಮ್ಮನ ಮನೆಗೆ ಹೋದಳು. ಹೊಸ್ತಿಲ ಬಳಿ ಚಪ್ಪಲಿ ಬಿಟ್ಟಳು. ಅಷ್ಟರಲ್ಲಿ ಮಂಜುಳಮ್ಮನೇ ಶುರು ಮಾಡಿದರು.

"ನೋಡು ಜಟ್ಟಿ, ನಾನು ಕಣ್ಣಾರೆ ಕಂಡಿದೀನಿ. ಎಣ್ಣೆ ಕೊಟ್ಟಿದ್ದೇ ನಾನು. ಆ ಹುಡುಗ ಅಂಥೋನಲ್ಲ, ದೇವರ ಮುಂದೆ ಬೇಕಾದ್ರೆ ಹೇಳ್ತೀನಿ. ಸ್ಟೇಷನ್‌ಗೆ ಬಾ ಅಂತ ಮಾತ್ರ ಅನ್ಬೇಡ."

"ನೀವ್ ಒಂದ್ ಮಾತ್ ಹೇಳಿದ್ರ ಸಾಕ್ರಿ, ಅಮ್ಮಾರ."

"ಒಂದ್ ಮಾತಲ್ಲಿ ಬಿಡ್ತಾರಾ ಅವರು? ನಿಮ್ಮ ಮನೆ ಮಗೂಗೂ ತಿಕ್ಕಿದ್ನಾ ಅಂತಾರೆ. ನನ್ನ ಮೊಮ್ಮಗಳನ್ನೂ ಕೂರಿಸ್ಕೊಂಡು ಅದೇ ಪ್ರಶ್ನೆ ಕೇಳ್ತಾರೆ. ನನ್ನ ಮಗಳ ಅತ್ತೆ ಸುಮ್ನೆ ಇರ್ತಾಳಾ? ಹೆಣ್ಣುಮಗು ಕಣೇ."

ಎದುರು ಕೋಣೆಯ ಉಮ್ಮೆ ಕುಲ್ಸುಂ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ಅಲ್ಲಾ ಕಸಮ್, ಶರಣ ಭಾಯ್ ಹಂಗಿಲ್ಲ. ಮಗರ್ ನಮ್ ಬಚ್ಚಿ ಹೆಸ್ರು ಬೇಡ ಬೆಹನ್." ದನಿ ತಗ್ಗಿಸಿ ಹೇಳಿದಳು, "ನಾನೂ ಕೇಳ್ದೆ ಅವಳ್ನ. ಏನೂ ಇಲ್ಲ ಅಮ್ಮಿ ಅಂದ್ಲು. ದಿಲ್ ಒಪ್ಪಿಲ್ಲ, ಮತ್ತೆ ಕೇಳ್ದೆ. ಈಗ ಹೊಟ್ಟೆ ಅಂದ್ರೆ ಸಾಕು, ಅಳ್ತಾಳೆ."

ಜಟ್ಟೆಮ್ಮ ಇನ್ನಾರ ಬಾಗಿಲಿಗೂ ಹೋಗಲಿಲ್ಲ. ಮನೆಯಲ್ಲಿ ಶರಣಬಸವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ. ಟೈಲ್ಸ್ ಮೇಸ್ತ್ರಿ ಅವನನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ್ದ. ಜನ ಇರುವ ಮನೆಗಳಲ್ಲಿ ಕೆಲಸ, ಹೆಂಗಸರು ಮಕ್ಕಳು ಓಡಾಡುತ್ತಿರುತ್ತಾರೆ ಎಂದಿದ್ದ.

"ಯಾರೂ ಬರಂಗಿಲ್ಲಂತ?" ಎಂದು ಅವನು ಹಿಂದೆ ತಿರುಗದೆ ಕೇಳಿದ.

"ಇಲ್ಲ."

"ನಿನಗೂ ಏನರ ಕೇಳೋದದ ಏನು?"

"ನನಗ್ಯಾಕ?"

"ಎಲ್ಲಾರೂ ಕೇಳ್ಯಾರ. ನೀ ಒಬ್ಬಾಕಿ ಕೇಳಿಲ್ಲ." ರೊಟ್ಟಿ ಹಂಚಿನ ಮೇಲೆ ಹೊತ್ತುತ್ತಿತ್ತು, ಅವನು ತಿರುವಿ ಹಾಕಲಿಲ್ಲ. "ಸುಳ್ಳು ಹೇಳಬ್ಯಾಡ ಅಂತ ನಾನ ಅನ್ನಬೇಕು, ಜಟ್ಟಿ. ಬಾಯಿಗೆ ಬರವಲ್ದು."

ಅವಳು ಬಗ್ಗಿ ರೊಟ್ಟಿ ತಿರುವಿದಳು.

ಠಾಣೆಯಲ್ಲಿ ಅವಳ ಹೇಳಿಕೆ ಬರೆದುಕೊಂಡವರು ಒಬ್ಬ ಮಹಿಳಾ ಎಸ್‌ಐ. ಸಿಡುಕಿನವರಲ್ಲ. ಕುಡಿಯಲು ನೀರು ಕೊಟ್ಟರು, ಫ್ಯಾನಿನ ಕೆಳಗೆ ಕೂರಿಸಿದರು. ವಕೀಲರು ಹೇಳಿಕೊಟ್ಟದ್ದನ್ನೆಲ್ಲ ಜಟ್ಟೆಮ್ಮ ಹೇಳಿ ಮುಗಿಸುವತನಕ ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟು, "ಸರಿ. ಹೆಂಗೆ ತಿಕ್ಕಿದೆ ತೋರ್ಸು," ಎಂದರು.

ಇದನ್ನು ವಕೀಲರು ಹೇಳಿಕೊಟ್ಟಿರಲಿಲ್ಲ.

"ಬಾ ಇಲ್ಲಿ," ಎಂದು ಎಸ್‌ಐ ಮೂಲೆಯಲ್ಲಿದ್ದ ದಪ್ಪ ಮೈಕಟ್ಟಿನ ಮಹಿಳಾ ಪೇದೆಯನ್ನು ಕರೆದರು. "ದಿನಾ ಗ್ಯಾಸ್ಟ್ರಿಕ್ ಅಂತ ಸಾಯ್ತೀಯಲ್ಲ, ಮಲಕ್ಕೋ ಆ ಬೆಂಚ್ ಮೇಲೆ."

"ಏನ್ ಮೇಡಂ ನೀವು, ನನ್ನೇ ಸಿಕ್ಕಿದ್ದಾ," ಎಂದು ನಗುತ್ತ ಪೇದೆ ಬಾಗಿಲಿಗೆ ಚಿಲಕ ಹಾಕಿ, ಬೆಲ್ಟು ಸಡಿಲಿಸಿ, ಬೆಂಚಿನ ಮೇಲೆ ಅಂಗಾತ ಮಲಗಿದಳು.

ಜಟ್ಟೆಮ್ಮ ಯಾರಿಗೂ ತಿಕ್ಕಿದವಳಲ್ಲ. ನೋಡಿದ್ದಳು. ಚಿಕ್ಕಂದಿನಲ್ಲಿ ಶಾಲೆ ಬಿಡಿಸಿ ಮನೆಯಲ್ಲಿ ಇರಿಸಿಕೊಂಡ ಮೇಲೆ ಬಾಗಿಲ ಮರೆಯಲ್ಲಿ ನಿಂತು ತಾಯಿಯ ಕೈ ನೋಡಿದ್ದಳು, ಆಮೇಲೆ ಅಣ್ಣನ ಕೈ. ಯಾರೂ ಅವಳನ್ನು ಮಾತಿಗೆ ಕರೆಯುತ್ತಿರಲಿಲ್ಲವಾದ್ದರಿಂದ ಅವಳಿಗೆ ನೋಡುವುದಕ್ಕೆ ಬೇಕಾದಷ್ಟು ಹೊತ್ತು ಇರುತ್ತಿತ್ತು. ಅವಳು ಪೇದೆಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿದಳು. ಒಂದು ತುಸು ಮೇಲಿತ್ತು. ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟು, ಹೊಕ್ಕಳ ಎಡಕ್ಕೆ ಹೆಬ್ಬೆಟ್ಟನ್ನು ಊರಿದಳು. ಅಲ್ಲಿ ಇರಲಿಲ್ಲ. ಇನ್ನಷ್ಟು ಕೆಳಗೆ ಊರಿದಳು. ಬೆರಳಿನಡಿಯಲ್ಲಿ ಏನೋ ಟಕ್ ಟಕ್ ಅಂದಿತು. ಬೆಚ್ಚಿ ಕೈ ತೆಗೆಯಬೇಕೆನಿಸಿತು, ತೆಗೆಯಲಿಲ್ಲ. ಅಣ್ಣ ಮಾಡುವಂತೆಯೇ ಅಂಚಿನಿಂದ ನಡುವಿಗೆ, ಅಂಚಿನಿಂದ ನಡುವಿಗೆ, ನಿಧಾನವಾಗಿ ದಬ್ಬಿದಳು.

"ಹಾ, ಅಲ್ಲೇ, ಅಲ್ಲೇ," ಎಂದಳು ಪೇದೆ ಕಣ್ಣು ಮುಚ್ಚಿ. "ಮೇಡಂ, ಈ ಹುಡುಗಿ ಕೈಯಲ್ಲಿ ಏನೋ ಇದೆ ಕಣ್ರೀ."

ಎಸ್‌ಐ ನಗಲಿಲ್ಲ. ಜಟ್ಟೆಮ್ಮನ ಮುಖವನ್ನೇ ನೋಡುತ್ತಿದ್ದರು. "ಯಾರಿಗೂ ಹೇಳ್ಬೇಡ ಅಂತ ಮಗೂಗೆ ಹೇಳಿದ್ದು ಯಾರು?"

"ನಾನ್ರಿ. ಹೇಳಿದ್ರ ಬಟ್ಟಿ ತಿರುಗಿ ಸರೀತದ್ರಿ. ನಮ್ ಕಡಿ ಹಂಗ."

"ಮಗು ಅಪ್ಪ ಅಂತ ಹೇಳಿದೆ. ಒಂದ್ಸಲ ಅಲ್ಲ, ಕೇಳಿದಾಗೆಲ್ಲ ಅದನ್ನೇ ಹೇಳಿದೆ."

ಜಟ್ಟೆಮ್ಮ ಎಣ್ಣೆಯಿಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಸಣ್ಣ ಹುಡುಗಿ ರೀ. ತಪ್ಪಿ ಹೇಳ್ಯಾಳ."

ಎಸ್‌ಐ ಪೆನ್ನು ಎತ್ತಿಕೊಂಡು ಅದನ್ನೂ ಬರೆದುಕೊಂಡರು.

ಮಗುವಿನ ವ್ಯಾಜ್ಯದ ದಿನ ಕುಟುಂಬ ನ್ಯಾಯಾಲಯದ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶರಣಬಸವ ದೂರದಲ್ಲಿ ಕಿಟಕಿಯ ಬಳಿ ನಿಂತಿದ್ದ. ಜಟ್ಟೆಮ್ಮ ನೀರಿನ ನಲ್ಲಿಯ ಹತ್ತಿರ ಹೋದಾಗ ಅಲ್ಲಿ ಕಾವೇರಿ ಮಗಳ ಬಾಟಲಿಗೆ ನೀರು ಹಿಡಿಯುತ್ತಿದ್ದಳು. ತೆಳ್ಳಗಾಗಿದ್ದಳು. ಸೌಂದರ್ಯಾ ಗೋಡೆಗೆ ಒರಗಿ ಚಿಪ್ಸ್ ತಿನ್ನುತ್ತಿದ್ದಳು.

"ನೀ ತಿಕ್ಕಿದ್ದಿ ಅಂತ ಬರ್ಸೀಯಂತ," ಎಂದಳು ಕಾವೇರಿ, ನಲ್ಲಿಯಿಂದ ಕಣ್ಣು ತೆಗೆಯದೆ.

ಜಟ್ಟೆಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ನಂಗ ಗೊತ್ತಿಲ್ಲೇನು, ನಿಂಗ ತಿಕ್ಕಾಕ ಬರಂಗಿಲ್ಲ ಅಂತ? ನಾನ ಎಷ್ಟ ಸಲ ಈಕಿನ್ನ ಎತಗೊಂಡು ಹೋಗಿ ಅವನ ಮುಂದ ಮಲಗಿಸೀನಿ."

"ಮತ್ತ ನೀವರ ಹೇಳಬೇಕಿತ್ತಲ್ಲ, ವೈನಿ. ಅದು ಹೊಟ್ಟಿಬ್ಯಾನಿ ಮದ್ದು ಅಂತ."

ಕಾವೇರಿ ಬಾಟಲಿಯ ಮುಚ್ಚಳ ತಿರುಗಿಸಿದಳು. "ಹೇಳಿದ್ರ ಮಗಳು ಹೋಗ್ತಾಳ ಅಂದ್ರು ನಮ್ಮ ವಕೀಲರು. ಅವ ನನ್ನ ದವಡಿ ಬಾಯೋಹಂಗ ಹೊಡೆದ ದಿನ ನೀ ಬರ್ಸಿದ ಅದೇ ಸ್ಟೇಷನ್‌ಗೆ ಹೋಗಿದ್ದೆ ನಾ. ಹೊಂದ್ಕೊಂಡು ಹೋಗಮ್ಮ ಅಂತ ಕಳಸಿದ್ರು. ಒಂದಕ್ಷರ ಬರಕೊಳ್ಳಲಿಲ್ಲ. ಅವ ಮಾಡಿದ್ದು ಯಾರಿಗೂ ಬ್ಯಾಡಾಗಿತ್ತು ಜಟ್ಟಿ. ಮಾಡದೇ ಇದ್ದದ್ದಕ್ಕ ಎಲ್ಲಾರೂ ಎದ್ದು ಕುಂತ್ರು. ನಾ ಯಾಕ ಬ್ಯಾಡ ಅನ್ನಲಿ?"

ಆಗ ಸೌಂದರ್ಯಾ ಬಾಯಿ ಒರೆಸಿಕೊಂಡು ಹತ್ತಿರ ಬಂದಳು. ಅವಳ ಮಾತಿನಲ್ಲಿ ಈಗಾಗಲೇ ಊರು ಕಡಿಮೆಯಾಗಿ ಬೆಂಗಳೂರು ಹೆಚ್ಚಾಗಿತ್ತು.

"ಅತ್ತಿ, ನೀನು ಅವತ್ತು ಡ್ಯೂಟಿಗೆ ಹೋಗಿದ್ದಿ ಅಲ್ವಾ? ನಾನು ಬಂದಾಗ ನೀನಿರ್ಲಿಲ್ಲ. ಅಪ್ಪಾನೇ ತಿಕ್ಕಿದ್ದು. ನೀನು ಹಂಗೆ ಬರ್ಸಿದ್ಮೇಲೆ ಎಲ್ಲಾರೂ ನಂಗೆ ಸುಳ್ಳಿ ಅಂತಾರೆ."

ವಕೀಲ ವೆಂಕಟಸ್ವಾಮಿ ಅಷ್ಟರಲ್ಲಿ ಜಟ್ಟೆಮ್ಮನ ಹಿಂದೆ ಬಂದು ನಿಂತಿದ್ದರು. ಕಾವೇರಿಯೂ ನೋಡುತ್ತಿದ್ದಳು. ಕಿಟಕಿಯ ಬಳಿಯಿಂದ ಶರಣಬಸವನೂ ನೋಡುತ್ತಿದ್ದ. ಮಗಳ ಕಡೆಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತಿದ್ದ. ಜಟ್ಟೆಮ್ಮನಿಗೆ ಮಂಡಿಯೂರಿ ಮಗುವಿನ ಎತ್ತರಕ್ಕೆ ಕೂರಬೇಕೆನಿಸಿತು. ಕೂತರೆ ಬಾಯಲ್ಲಿ ನಿಜ ಬಂದುಬಿಡುತ್ತದೆಂದು ನಿಂತೇ ಇದ್ದಳು.

"ಇಲ್ಲವ್ವ. ನಾನ ತಿಕ್ಕಿದ್ದೆ," ಎಂದಳು. "ನೀ ನಿದ್ದಿಗಣ್ಣಾಗ ಇದ್ದಿ."

ಸೌಂದರ್ಯಾ ಅತ್ತೆಯ ಕೈಗಳನ್ನು ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು, ಅಲ್ಲಿಂದ ಏನಾದರೂ ಬರುತ್ತದೇನೋ ಎಂದು. ಕಾವೇರಿ ಕೈಯಲ್ಲಿದ್ದ ಬಾಟಲಿಯ ಕಡೆಗೆ ಕಣ್ಣು ತಿರುಗಿಸಿದಳು. ಅಷ್ಟರಲ್ಲಿ ಸಮಾಲೋಚಕರ ಕೋಣೆಯಿಂದ ಮಗುವನ್ನು ಕರೆದರು. ಸ್ವಲ್ಪ ಹೊತ್ತಿಗೇ ಬಾಗಿಲು ತೆರೆಯಿತು.

"ಏನಂದಿ?" ಎಂದು ಕಾವೇರಿ ಕೇಳಿದಳು.

"ಗೊತ್ತಿಲ್ಲ ಅಂದೆ."

"ಯಾವುದಕ್ಕ?"

"ಎಲ್ಲಾದಕ್ಕೂ," ಎಂದಿತು ಮಗು, ಚಿಪ್ಸಿನ ಖಾಲಿ ಪೊಟ್ಟಣವನ್ನು ಮಡಚುತ್ತ, ಸಣ್ಣದಾಗಿ, ಇನ್ನೂ ಸಣ್ಣದಾಗಿ.

ಪೊಲೀಸರು ಆರೋಪಕ್ಕೆ ಆಧಾರವಿಲ್ಲವೆಂದು ನ್ಯಾಯಾಲಯಕ್ಕೆ ಬರೆದು ಕಳಿಸಿದರು. ವೆಂಕಟಸ್ವಾಮಿ ಫೋನು ಮಾಡಿ, "ಸಿಹಿ ತಗೊಂಡ್ ಬನ್ರಪ್ಪಾ," ಎಂದರು. ಆದರೆ ಮಗು ಯಾವುದನ್ನೂ ನೆಟ್ಟಗೆ ಹೇಳುವ ಸ್ಥಿತಿಯಲ್ಲಿಲ್ಲ, ಸದ್ಯಕ್ಕೆ ತಂದೆಯ ಭೇಟಿ ಬೇಡ ಎಂದು ಸಮಾಲೋಚಕರು ಹೇಳಿದ್ದರಿಂದ ಭಾನುವಾರಗಳು ನಿಂತವು. ಕಾವೇರಿಯ ಮೇಲೆ ಮಗುವಿಗೆ ಸುಳ್ಳು ಕಲಿಸಿದಳೆಂಬ ಮಾತು ಬಂತು. ಯಾರೂ ಗೆಲ್ಲಲಿಲ್ಲವೆಂದು ಜಟ್ಟೆಮ್ಮ ಅಂದುಕೊಂಡಳು. ಆದರೆ ಅಣ್ಣ ಜೈಲಿಗೆ ಹೋಗಲಿಲ್ಲ, ರೊಟ್ಟಿ ತಟ್ಟಲು ಮನೆಯಲ್ಲಿದ್ದ, ಅದು ಸುಳ್ಳಲ್ಲ.

ಮೊದಲು ಬಂದವರು ಮಂಜುಳಮ್ಮ. ಮೊಮ್ಮಗಳನ್ನು ಸೊಂಟದಿಂದ ಇಳಿಸುತ್ತ, ಸಾಲಿಗೆಲ್ಲ ಕೇಳಿಸುವಂತೆ, "ಜಟ್ಟಿ, ನಿನ್ನ ಕೈಗುಣ ದೊಡ್ಡದಂತಲ್ಲೇ. ಪೊಲೀಸ್ನೋರೇ ಒಪ್ಪಿದ್ರಂತೆ. ಇವಳ್ದು ಒಂಚೂರು ನೋಡು," ಎಂದರು.

"ಅಮ್ಮಾರ, ನಿಮಗ ಗೊತ್ತದಲ್ಲ..."

"ನಂಗೇನು ಗೊತ್ತು? ಏನೂ ಗೊತ್ತಿಲ್ಲ ನಂಗೆ," ಎಂದರು ಮಂಜುಳಮ್ಮ ಅವಳ ಕಣ್ಣಿಗೆ ಕಣ್ಣು ಕೊಡದೆ. "ಯಾವತ್ತೂ ನೀನೇ ಅಲ್ವಾ ತಿಕ್ತಿದ್ದಿದ್ದು."

ಆಮೇಲೆ ಉಮ್ಮೆ ಕುಲ್ಸುಂ ಬಂದಳು. ಆಮೇಲೆ ಮೂಲೆ ಮನೆಯವರು. ಈಗ ಅವರೆಲ್ಲರ ಮಕ್ಕಳಿಗೂ ತಿಕ್ಕಿದ್ದು ಒಬ್ಬ ಹೆಣ್ಣು. ಇನ್ನು ಮಕ್ಕಳನ್ನು ಕೂರಿಸಿಕೊಂಡು ಏನನ್ನೂ ಕೇಳಬೇಕಾಗಿರಲಿಲ್ಲ. ಹೊಟ್ಟೆನೋವಿಲ್ಲದ ಮಕ್ಕಳನ್ನೂ ಕರೆತಂದರು. ಬಾಗಿಲು ಪೂರ್ತಿ ತೆರೆದಿರುತ್ತಿತ್ತು, ಹೊಸ್ತಿಲ ಹೊರಗೆ ಹೆಂಗಸರು ಕುಳಿತು ನಗುತ್ತ ಮಾತಾಡುತ್ತಿದ್ದರು. ಜಟ್ಟೆಮ್ಮ ಚಾಪೆಯ ಪಕ್ಕದಲ್ಲಿ ಕುಳಿತು, ಅಂಗೈಗೆ ಎಣ್ಣೆ ಸುರುವಿಕೊಂಡು, ಒಬ್ಬೊಬ್ಬರ ಹೊಟ್ಟೆಯಲ್ಲೂ ಮಿಡಿತಕ್ಕಾಗಿ ತಡಕುತ್ತಿದ್ದಳು. ಕೆಲವೊಮ್ಮೆ ಸಿಗುತ್ತಿತ್ತು. ಸಿಗದಿದ್ದಾಗ ಸಿಕ್ಕಿತು ಎನ್ನುತ್ತಿದ್ದಳು.

ಮಕ್ಕಳು ಬರುವ ಹೊತ್ತಿಗೆ ಶರಣಬಸವ ಅಂಗಿ ತೊಟ್ಟು ಹೊರಗೆ ಹೋಗಿಬಿಡುತ್ತಿದ್ದ. ಬೀದಿಯ ಕೊನೆಯಲ್ಲಿ, ಅಪಾರ್ಟ್‌ಮೆಂಟಿನವರು ಒಡೆದು ಹಾಕಿದ ಗೋಡೆಯ ಇಟ್ಟಿಗೆಗಳ ಮೇಲೆ ಕೂರುತ್ತಿದ್ದ. ಆ ದಿನ ಉಮ್ಮೆ ಕುಲ್ಸುಮಳ ಮಗಳು ತಿಕ್ಕಿಸಿಕೊಂಡು ಎದ್ದವಳೇ ಎಣ್ಣೆಗೆ ಅಂಟಿದ ಅಂಗಿಯನ್ನು ಜಗ್ಗಿಕೊಳ್ಳುತ್ತ, ಅಂಗಡಿಯ ಕಡೆಗೆ ಆ ಬೀದಿಯಲ್ಲೇ ಓಡಿದಳು. ಜಟ್ಟೆಮ್ಮನಿಗೆ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಹುಡುಗಿ ಹತ್ತಿರ ಬರುವುದನ್ನು ಕಂಡು ಶರಣಬಸವ ಎದ್ದು, ರಸ್ತೆ ದಾಟಿ, ಆಚೆಯ ಬದಿಗೆ ಹೋಗಿ, ಮುಖವನ್ನು ಗೋಡೆಯ ಕಡೆಗೆ ಮಾಡಿಕೊಂಡು ಅವಳು ಹಾದುಹೋಗುವತನಕ ನಿಂತ.